ಅರ್ಧ ಎಳ್ಳುಂಡೆ

ನನ್ನ ಪ್ಯಾಂಟಿನ ಕೊಂಡಿಗೆ ಪಂಚಾಂಗ ಓದಲು ಬರುತ್ತದೆ. ಯುಗಾದಿ ಕಳೆದ ಮೇಲೆ ಆಷಾಢದವರೆಗೆ ಅದು ತನ್ನ ಪಾಡಿಗೆ ತಾನು ಸೊಂಟದ ಮೇಲೆ ಕೂತಿರುತ್ತದೆ. ಶ್ರಾವಣ ಬಂತೆಂದರೆ ಸ್ವಲ್ಪ ಮುನಿಸು ತೋರಿಸುತ್ತದೆ. ಗೌರಿ-ಗಣೇಶ ಮುಗಿಯುವ ಹೊತ್ತಿಗೆ ಉಸಿರು ಬಿಗಿಹಿಡಿದರೆ ಮಾತ್ರ ಸೇರುತ್ತದೆ. ನವರಾತ್ರಿ ಕಳೆದು ದೀಪಾವಳಿ ಹತ್ತಿರವಾದಾಗ, ಆಫೀಸಿನ ಕುರ್ಚಿಯಲ್ಲಿ ಕೂತವನು ಮೆಲ್ಲಗೆ ಅದನ್ನು ಬಿಚ್ಚಿ, ಮೇಲೆ ಶರಟು ಇಳಿಬಿಟ್ಟು, ಏನೂ ಆಗದವನಂತೆ ಕೆಲಸ ಮಾಡುತ್ತಿರುತ್ತೇನೆ. ಆಗ ಯಾರಾದರೂ ದೊಡ್ಡವರು ಒಳಗೆ ಬಂದರೆ ಎದ್ದು ನಿಲ್ಲಲು ನನಗೆ ಸ್ವಲ್ಪ ಹೊತ್ತು ಬೇಕು. ಇದನ್ನು ಅಗೌರವ ಎಂದು ತಿಳಿದುಕೊಂಡ ಮೇಲಧಿಕಾರಿಗಳೂ ಇದ್ದಾರೆ.

ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟಿರುವ ನಮ್ಮ ಟೈಲರ್ ಸಾಬರಿಗೆ ಈ ವಿಷಯ ಚೆನ್ನಾಗಿ ಗೊತ್ತು. ಅಳತೆ ತೆಗೆಯುವಾಗ ಟೇಪನ್ನು ನನ್ನ ಹೊಟ್ಟೆಯ ಸುತ್ತ ತಂದು, ಒಂದು ಕ್ಷಣ ನಿಂತು, "ಸಾರ್, ಇದು ಹಬ್ಬಕ್ಕೆ ಮುಂಚಿನ ಅಳತೆನೋ, ಆಮೇಲಿಂದೋ?" ಎಂದು ಕೇಳುತ್ತಾರೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಅವರೇ ಒಳಹೊಲಿಗೆಯಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿರುತ್ತಾರೆ. ರಂಜಾನಿಗೂ ಹೀಗೇ ಆಗುತ್ತದೆ, ತಿಂಗಳಿಡೀ ಉಪವಾಸ ಇದ್ದವರೇ ಹಬ್ಬ ಮುಗಿದ ಮೇಲೆ ಹೊಲಿಗೆ ಸಡಿಲ ಮಾಡಿಸಲು ಬರುತ್ತಾರೆ ಎಂದು ಅವರು ಹೇಳಿದಾಗ ನನಗೆ ಬಹಳ ಸಮಾಧಾನವಾಯಿತು.

ನಮ್ಮದು ಮೂಲತಃ ಮುಳಬಾಗಿಲಿನ ಕಡೆಯ ಮನೆತನ. ಅರ್ಧ ಜನ ಪುರೋಹಿತರು, ಇನ್ನರ್ಧ ಜನ ಶಾನುಭೋಗರು. ಒಂದು ಗುಂಪು ಕೂತು ಮಂತ್ರ ಹೇಳಿತು, ಇನ್ನೊಂದು ಗುಂಪು ಕೂತು ಲೆಕ್ಕ ಬರೆಯಿತು. ಕೂರುವ ವಿದ್ಯೆ ಮಾತ್ರ ಎರಡೂ ಕಡೆ ತಪ್ಪದೆ ಇಳಿದು ಬಂದಿದೆ. ನಾನು ಎರಡನೆಯ ಗುಂಪಿನವನು, ಕೋಲಾರದ ಒಂದು ಕಚೇರಿಯಲ್ಲಿ ಅಕೌಂಟೆಂಟ್. ನನ್ನ ಅಕ್ಕನ ಗಂಡ ಸೀತಾರಾಮ ಭಾವ ಮೊದಲನೆಯ ಗುಂಪಿನವರು, ಪುರೋಹಿತರು. ಮೊದಲು ಅವರು ಶ್ರೀನಿವಾಸಪುರದಲ್ಲಿದ್ದರು. ನಮ್ಮ ಅಪ್ಪ ತೀರಿಕೊಂಡ ಮೇಲೆ, ಅಮ್ಮನಿಗೆ ಮಗಳು ಹತ್ತಿರವಿರಲಿ ಎಂದು ಕೋಲಾರಕ್ಕೆ ಬಂದು ನಮ್ಮ ಪಕ್ಕದ ಬೀದಿಯಲ್ಲೇ ಮನೆ ಮಾಡಿದರು. ಹಬ್ಬದ ಕಾಲದಲ್ಲಿ ಮೈಯನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುವುದರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಈ ಭಾವನ ಸಹವಾಸದಲ್ಲಿ ಕಲಿತದ್ದು. ಹಾಗೆಂದು ಅವರೇನೂ ಹದ್ದುಬಸ್ತಿನಲ್ಲಿರಲಿಲ್ಲ.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಭಾವನಿಗೆ ಸುಮ್ಮಸುಮ್ಮನೆ ಬಾಯಾರಿಕೆ, ಸುಸ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಗ ಸಕ್ಕರೆ ಕಾಯಿಲೆಯ ಪರೀಕ್ಷೆ ಎಂದರೆ ಒಂದು ಗಾಜಿನ ನಳಿಕೆಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ಕೆಲವು ಹನಿ ಮೂತ್ರ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ನೀಲಿ ನೀಲಿಯಾಗಿಯೇ ಉಳಿದರೆ ಬಚಾವು. ಹಸಿರಾದರೆ ಎಚ್ಚರಿಕೆ, ಹಳದಿಯಾದರೆ ಬೈಗುಳ. ಭಾವನದು ಹಸಿರು ಹಳದಿಗಳನ್ನು ಒಂದೇ ಉಸಿರಿಗೆ ದಾಟಿ ಮಾಲೂರಿನ ಹೆಂಚಿನ ಬಣ್ಣಕ್ಕೆ ಬಂದು ನಿಂತಿತು. ಡಾಕ್ಟರು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನ್ ಸ್ವಾಮಿ, ಒಳಗೆ ಇಟ್ಟಿಗೆ ಗೂಡು ಹಚ್ಚಿದೀರಾ?" ಎಂದರು. ಜೊತೆಗೆ ಹೋದ ತಪ್ಪಿಗೆ ನನ್ನದನ್ನೂ ನೋಡಿದರು. ನನ್ನದು ಹಸಿರು. ಇಬ್ಬರಿಗೂ ಒಂದೇ ಅಪ್ಪಣೆಯಾಯಿತು. ಸಿಹಿ ಬಿಡಬೇಕು, ಅನ್ನ ಕಡಿಮೆ ಮಾಡಬೇಕು, ಮುದ್ದೆ ಉಣ್ಣಬೇಕು, ದಿನಾ ಬೆಳಗ್ಗೆ ನಡೆಯಬೇಕು.

ಮುದ್ದೆ ಉಣ್ಣಿ ಎಂದು ಕೋಲಾರದವರಿಗೆ ಯಾರೂ ಹೇಳಬೇಕಾಗಿಲ್ಲ. ಹೇಳದಿದ್ದರೂ ಉಣ್ಣುತ್ತೇವೆ. ತೊಡಕಿರುವುದು ಬೇರೆ ಕಡೆ. ನಮ್ಮ ಮನೆಗಳಲ್ಲಿ ಹಬ್ಬದ ದಿನ ಮುದ್ದೆ ಮಾಡುವುದಿಲ್ಲ, ರಾಗಿಹಿಟ್ಟಿನ ಡಬ್ಬದ ಮುಚ್ಚಳವನ್ನೂ ತೆಗೆಯುವುದಿಲ್ಲ. ಯಾಕೆಂದು ಅಮ್ಮನನ್ನು ಕೇಳಿದರೆ, "ಮುದ್ದೆ ಮಾಡಿದ್ರೆ ಅದು ಹಬ್ಬ ಹೇಗಾಗತ್ತೋ?" ಎನ್ನುತ್ತಾಳೆ. ಯೋಚಿಸಿದರೆ ಅದರಲ್ಲಿ ಅರ್ಥವಿದೆ. ಹಿಂದೆ ಕೆರೆಯ ಕೆಳಗಿನ ಒಂದಿಷ್ಟು ಗದ್ದೆಯಲ್ಲಿ ಬೆಳೆದ ಭತ್ತ ಹಬ್ಬಕ್ಕೆ, ನೆಂಟರಿಗೆ. ಉಳಿದ ದಿನಗಳಿಗೆಲ್ಲ ರಾಗಿ. ಅನ್ನ, ಬೆಲ್ಲ, ತುಪ್ಪ ಮೂರೂ ಒಂದೇ ಎಲೆಯ ಮೇಲೆ ಕಾಣಿಸುವುದು ವರ್ಷಕ್ಕೆ ಕೆಲವೇ ದಿನ. ಆ ದಿನ ಹೊಟ್ಟೆ ಬಿರಿಯುವ ಹಾಗೆ ತಿಂದರೂ ಮೈಗೆ ಏನೂ ಆಗುತ್ತಿರಲಿಲ್ಲ, ಮಾರನೆಯ ದಿನ ಹೊಲದ ಕೆಲಸವೋ ಹತ್ತು ಮೈಲಿ ನಡಿಗೆಯೋ ಕಾದಿರುತ್ತಿತ್ತು. ಈಗ ಅನ್ನ ದಿನಾ ಬಂತು, ಸಕ್ಕರೆ ರೇಷನ್ ಅಂಗಡಿಗೆ ಬಂತು, ಹತ್ತು ಮೈಲಿಗೆ ಬಸ್ಸು ಬಂತು. ಹಬ್ಬ ಮಾತ್ರ ಇನ್ನೂ ನಮ್ಮ ಮುತ್ತಜ್ಜನ ಹಸಿವಿನ ಅಳತೆಗೇ ಬಡಿಸುತ್ತಿದೆ.

ನಡಿಗೆಗೆ ನಾವು ಆರಿಸಿಕೊಂಡದ್ದು ಅಂತರಗಂಗೆಯ ದಾರಿ. ಊರಿನಿಂದ ಬೆಟ್ಟದ ಬುಡದವರೆಗೆ ರಸ್ತೆ, ಅಲ್ಲಿಂದ ಮೆಟ್ಟಿಲು. ಮೇಲೆ ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಕುಡಿದು, ಕೋತಿಗಳಿಗೆ ಮುಖ ಕೊಡದೆ ಇಳಿದು ಬರುವುದು. ಆ ಕಾಲದಲ್ಲಿ ಕೆಲಸವಿಲ್ಲದೆ ನಡೆಯುವವರನ್ನು ಊರು ಅನುಮಾನದಿಂದ ನೋಡುತ್ತಿತ್ತು. ಅದರಲ್ಲೂ ಪುರೋಹಿತರೊಬ್ಬರು ಬೆಳಕು ಹರಿಯುವ ಮುಂಚೆ ಬಿರಬಿರನೆ ಹೊರಟರೆ ಅದಕ್ಕೆ ಒಂದೇ ಅರ್ಥ. ಹಾಲಿನವನು ಸೈಕಲ್ ನಿಲ್ಲಿಸಿ, ತಲೆಗೆ ಸುತ್ತಿದ ಟವೆಲ್ ತೆಗೆದು, "ಯಾರ್ ಹೋದ್ರು ಸ್ವಾಮಿ?" ಎಂದು ಮೆಲ್ಲಗೆ ಕೇಳುತ್ತಿದ್ದ. "ಯಾರೂ ಇಲ್ಲಪ್ಪ, ಸುಮ್ನೆ ನಡೀತಾ ಇದೀವಿ" ಎಂದರೆ ನಂಬುತ್ತಿರಲಿಲ್ಲ. ಒಂದು ದಿನ ಈ ಮಾತು ಎಲ್ಲೆಲ್ಲೋ ಸುತ್ತಿ, ನಾವು ಬೆಟ್ಟ ಇಳಿದು ಬರುವಷ್ಟರಲ್ಲಿ ಹಿಂದಿನ ಬೀದಿಯಲ್ಲಿ ಕಾಯಿಲೆ ಬಿದ್ದಿದ್ದ ಮುದುಕರೊಬ್ಬರ ಮನೆಯ ಮುಂದೆ ನಾಲ್ಕು ಜನ ಸೇರಿದ್ದರು. ಮುದುಕರು ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದವರು ಭಾವನನ್ನು ಕಂಡು, "ಇನ್ನೂ ಇಲ್ಲ ಕಣಯ್ಯ, ಆಮೇಲೆ ಬಾ" ಎಂದರು.

ನಡಿಗೆಗೆಂದು ನಾನು ಕ್ಯಾನ್ವಾಸ್ ಶೂ ಕೊಂಡೆ, ಭಾವನಿಗೂ ಒಂದು ಜೊತೆ ತಂದೆ. ಇದು ಚರ್ಮದ್ದಲ್ಲ, ಬರೀ ಬಟ್ಟೆ ಮತ್ತು ರಬ್ಬರು ಎಂದು ಮತ್ತೆ ಮತ್ತೆ ಹೇಳಿದ ಮೇಲೆ ಹಾಕಿಕೊಂಡರು. ಮೇಲೆ ಜುಟ್ಟು, ನಡುವೆ ಶಲ್ಯ ಮತ್ತು ಕಚ್ಚೆಪಂಚೆ, ಕೆಳಗೆ ಬೆಳ್ಳಗಿನ ಶೂ. ಆದರೆ ಬೆಟ್ಟದ ಮೊದಲ ಮೆಟ್ಟಿಲು ಬಂದ ಕೂಡಲೇ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದರು. ಮೇಲೆ ದೇವರಿರುವಾಗ ಕಾಲಲ್ಲಿ ಶೂ ಇಟ್ಟುಕೊಂಡು ಹತ್ತುವುದು ಹೇಗೆ ಎಂದು ಅವರ ಪ್ರಶ್ನೆ. ಸಮನೆಲದಲ್ಲಿ ಶೂ ಭಾವನನ್ನು ಹೊರುತ್ತಿತ್ತು, ಬೆಟ್ಟದಲ್ಲಿ ಭಾವ ಶೂವನ್ನು ಹೊರುತ್ತಿದ್ದರು. ಇದರಿಂದ ಏನಾಯಿತೆಂದು ಮುಂದೆ ಹೇಳುತ್ತೇನೆ.

ಆಷಾಢ ಮುಗಿಯುವವರೆಗೆ ನಾವು ಮಾದರಿ ರೋಗಿಗಳಾಗಿದ್ದೆವು. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಪಥ್ಯಕ್ಕೆ ಇದಕ್ಕಿಂತ ಒಳ್ಳೆಯ ತಿಂಗಳನ್ನು ಹಿರಿಯರು ಬಿಟ್ಟುಹೋಗಿಲ್ಲ. ಭಾವನ ನಳಿಕೆ ಹೆಂಚಿನ ಬಣ್ಣದಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಯಿತು. ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ಶ್ರಾವಣ ಬಂತು.

ನನ್ನಂಥವನು ಹಬ್ಬದಲ್ಲಿ ತಿನ್ನುವುದು ಚಪಲಕ್ಕೆ. ಪುರೋಹಿತನಿಗೆ ತಿನ್ನುವುದು ಕೆಲಸದ ಒಂದು ಭಾಗ. ಭಾವನಿಗೆ ಹೋಳೂರು, ಹುತ್ತೂರು, ಕ್ಯಾಲನೂರುಗಳಲ್ಲಿ ವರ್ಷವರ್ಷವೂ ಪೂಜೆಗೆ ಕರೆಯುವ ಮನೆಗಳಿದ್ದವು. ಕ್ಯಾಲನೂರಿನ ಹಸು ಕಟ್ಟಿದವರ ಮನೆಯಲ್ಲಿ ಮಂಗಳಾರತಿ ಆದ ಕೂಡಲೇ ಒಂದು ಚೊಂಬು ಗಟ್ಟಿ ಹಾಲು ಬರುತ್ತಿತ್ತು, ಬೆಲ್ಲ ಏಲಕ್ಕಿ ಹಾಕಿ ಕಾಯಿಸಿದ್ದು. ಹುತ್ತೂರಿನಲ್ಲಿ ರೇಷ್ಮೆಗೂಡು ಚೆನ್ನಾಗಿ ಬಂದ ಮನೆಯವರು ಸತ್ಯನಾರಾಯಣ ಪೂಜೆ ಇಟ್ಟುಕೊಂಡರೆ ತುಪ್ಪ ಸುರಿಯುವ ಸಜ್ಜಿಗೆ ಪ್ರಸಾದ. ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದವನು, ಭಾವನ ಕೈಯಲ್ಲಿದ್ದ ಪ್ರಸಾದದ ಗಾತ್ರ ನೋಡಿ, "ಬೇಡ ಅನ್ನಬಾರದಾ ಭಾವ?" ಎಂದು ಕಿವಿಯಲ್ಲಿ ಹೇಳಿದೆ.

"ಪ್ರಸಾದ ಬಿಟ್ಟೋರ ಹಡಗು ಏನಾಯ್ತು ಅಂತ ಈಗ್ತಾನೆ ಇವರಿಗೆಲ್ಲ ಕತೆ ಹೇಳಿದೀನಿ. ಅದೇ ಬಾಯಲ್ಲಿ ಬೇಡ ಅನ್ನೋದು ಹೇಗೋ, ಸೀನ?" ಎಂದರು.

ಅಷ್ಟರಲ್ಲಿ ನನ್ನ ಪಾಲಿನದೂ ಮುಗಿದಿತ್ತು.

ನಮ್ಮ ಸೀಮೆಯಲ್ಲಿ ಬೇಡ ಎನ್ನುವುದು ಎರಡು ಪಟ್ಟು ಕಷ್ಟ. ಬೇರೆ ಊರುಗಳಲ್ಲಿ ಬಲವಂತ ಒಂದೇ ಭಾಷೆಯಲ್ಲಿ ಮಾಡುತ್ತಾರೆ. ಇಲ್ಲಿ "ಇನ್ನೊಂದ್ ಸ್ವಲ್ಪ ಸ್ವಾಮಿ" ಎನ್ನುವುದನ್ನು ಹೇಗೋ ತಪ್ಪಿಸಿಕೊಂಡು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ, ಒಳಗಿನಿಂದ ಅಜ್ಜಿಯೊಬ್ಬರು ಬಂದು "ಇಂಕ ಕೊಂಚಂ" ಎಂದು ತೆಲುಗಿನಲ್ಲಿ ಮೊದಲಿನಿಂದ ಶುರುಮಾಡುತ್ತಾರೆ. ಕನ್ನಡದಲ್ಲಿ ಬೇಡ ಎಂದದ್ದು ತೆಲುಗಿಗೆ ಲೆಕ್ಕವಿಲ್ಲ. ಡಾಕ್ಟರು ಬೇಡ ಎಂದಿದ್ದಾರೆ ಎಂದರೆ, "ಹಬ್ಬದ್ ದಿನ ಡಾಕ್ಟ್ರ ಮಾತ್ಯಾಕೆ" ಎಂದು ಮನೆಯ ಯಜಮಾನ ಗದರುತ್ತಾನೆ. ಇದರಲ್ಲಿ ಕೆಟ್ಟ ಬುದ್ಧಿ ಎಳ್ಳಷ್ಟೂ ಇಲ್ಲ. ಸಾಲದು ಎನ್ನುವುದನ್ನೇ ಕಂಡು ಬೆಳೆದ ಜನ ಪ್ರೀತಿಯನ್ನು ಇನ್ನೊಂದು ಸೌಟಿನಲ್ಲಿ ಹೇಳುತ್ತಾರೆ. ಮಾತಿನಲ್ಲಿ ಹೇಳಿ ಅಭ್ಯಾಸವಿಲ್ಲ. ಬೇಡ ಎಂದರೆ ಅವರಿಗೆ ಅವಮಾನವಾಗುವುದಿಲ್ಲ, ಮನಸ್ಸು ಸಣ್ಣದಾಗುತ್ತದೆ. ಅದನ್ನು ನೋಡುವ ಧೈರ್ಯ ಭಾವನಿಗೆ ಇರಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ, ಶೂ ಕೈಯಲ್ಲಿ ಹಿಡಿದು ಅಂತರಗಂಗೆಯ ಮೆಟ್ಟಿಲು ಹತ್ತುತ್ತಿದ್ದಾಗ ಭಾವ ಎಡವಿದರು. ಬಲಗಾಲಿನ ಹೆಬ್ಬೆರಳಿನ ತುದಿ ಕಿತ್ತುಬಂತು. ಬಸವನ ನೀರಿನಲ್ಲಿ ತೊಳೆದು, ಶಲ್ಯದ ಅಂಚು ಹರಿದು ಕಟ್ಟಿಕೊಂಡು ಇಳಿದೆವು. ಸಣ್ಣ ಗಾಯ, ಯಾರಿಗಾದರೂ ಎರಡು ದಿನಕ್ಕೆ ಒಣಗುವಂಥದ್ದು. ಭಾವನದು ಒಣಗಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಬೆರಳು ಕಪ್ಪಿಟ್ಟು ಊದಿಕೊಂಡಿತು. ನಳಿಕೆ ಮತ್ತೆ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಈ ಸಲ ತಮಾಷೆ ಮಾಡಲಿಲ್ಲ. ಔಷಧ ಕೊಟ್ಟು, "ಸ್ವಾಮಿ, ಊಟ ಹೀಗೇ ನಡೆದ್ರೆ ಬೆರಳು ಉಳಿಯಲ್ಲ. ಬೆರಳು ಹೋದ್ರೆ ಆಮೇಲೆ ಕಾಲಿನ ಮಾತು ಬರತ್ತೆ. ಒಂದು ತಿಂಗಳು ನಾಲಿಗೆ ಕಟ್ಟಿ" ಎಂದರು.

ಅಕ್ಕ ಅವತ್ತು ನಮ್ಮ ಮನೆಯ ಹಿತ್ತಲಿಗೆ ಬಂದು ತೊಳೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಅವಳ ಹೆದರಿಕೆ ನನಗೆ ಗೊತ್ತಿತ್ತು. ಅಂಗದಲ್ಲಿ ಊನವಾದ ಪುರೋಹಿತನನ್ನು ಯಾರೂ ಕರ್ಮಕ್ಕೆ ಕರೆಯುವುದಿಲ್ಲ, ಅದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ನಮ್ಮ ಅಪ್ಪ ಹೋದದ್ದೂ ಇದೇ ಕಾಯಿಲೆಯಲ್ಲಿ, ಇಂಥದೇ ಒಂದು ಹೆಬ್ಬೆರಳಿನಿಂದ ಶುರುವಾಗಿ.

ಅಪ್ಪನ ಕೊನೆಯ ವರ್ಷಗಳ ಹಬ್ಬಗಳು ನನಗೆ ಚೆನ್ನಾಗಿ ನೆನಪಿವೆ. ಎಪ್ಪತ್ತರ ದಶಕದ ಮಾತು. ಡಾಕ್ಟರು ಸಿಹಿ ಮುಟ್ಟಬಾರದು ಎಂದಿದ್ದರು, ಅಮ್ಮ ಅದನ್ನು ವೇದವಾಕ್ಯದಂತೆ ಹಿಡಿದಿದ್ದಳು. ಅ‍ಪ್ಪ ಸಿಹಿಗೆ ಪ್ರಾಣ ಬಿಡುವ ಮನುಷ್ಯ, ಅದರಲ್ಲೂ ಎಳ್ಳುಂಡೆ ಎಂದರೆ ಮಗುವಿನ ಹಾಗೆ ಕೈ ಚಾಚುತ್ತಿದ್ದರು. ಹಬ್ಬದ ದಿನ ದೇವರ ಪ್ರಸಾದ ಎನ್ನುವ ನೆಪಕ್ಕೆ ಅಮ್ಮ ಅವರ ಎಲೆಯ ತುದಿಯಲ್ಲಿ ಚೂರು ಸಿಹಿ ಇಡುತ್ತಿದ್ದಳು, ಅರ್ಧ ಹೋಳಿಗೆಯೋ ಅರ್ಧ ಉಂಡೆಯೋ. ಅಪ್ಪ ಎಲೆ ನೋಡಿ, ಆಮೇಲೆ ತಲೆಯೆತ್ತಿ ಅಮ್ಮನನ್ನು ನೋಡಿ, "ಇಷ್ಟೇನಾ?" ಎನ್ನುತ್ತಿದ್ದರು. ಅಮ್ಮ "ಇಷ್ಟೇ" ಎಂದು ಹೇಳಿ ಮುಂದಿನ ಎಲೆಗೆ ಹೋಗುತ್ತಿದ್ದಳು. ಹಬ್ಬಹಬ್ಬಕ್ಕೂ ಇದೇ ಎರಡು ಮಾತು, ಅದೇ ಧಾಟಿ. ನಾವು ಎಲೆಗೆ ಮುಖ ತಗ್ಗಿಸಿ ನಗುತ್ತಿದ್ದೆವು. ಅಪ್ಪನ ಕೊನೆಯ ದೀಪಾವಳಿಯಲ್ಲಿ ಅಮ್ಮ ಅರ್ಧ ಕಜ್ಜಾಯ ಇಟ್ಟು ಸ್ವಲ್ಪ ಹೊತ್ತು ನಿಂತಳು. ಅಪ್ಪ ಏನೂ ಕೇಳಲಿಲ್ಲ. ಇಟ್ಟದ್ದನ್ನೂ ಮುಟ್ಟದೆ ಎದ್ದರು.

ಅಪ್ಪನ ತಿಥಿ ಬರುವುದು ಪಿತೃಪಕ್ಷದಲ್ಲೇ, ಗಣೇಶನ ಹಬ್ಬಕ್ಕೂ ನವರಾತ್ರಿಗೂ ನಡುವೆ. ತಿಥಿ ಹಬ್ಬವಲ್ಲ ನಿಜ, ಆದರೆ ಹೊಟ್ಟೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಗೊತ್ತಿಲ್ಲದವರಿಗೆ ಒಂದು ಮಾತು. ತಿಥಿಯ ದಿನ ಬ್ರಾಹ್ಮಣರೊಬ್ಬರನ್ನು ತೀರಿಹೋದವರ ಸ್ಥಾನದಲ್ಲಿ ಕೂರಿಸಿ, ಅವರ ಕಾಲು ತೊಳೆದು, ಊಟಕ್ಕೆ ಬಡಿಸುತ್ತಾರೆ. ಅಷ್ಟು ಹೊತ್ತು ಅವರೇ ನಮ್ಮ ಅಪ್ಪ ಅಥವಾ ತಾತ. ದೇವತೆಗಳ ಸ್ಥಾನದಲ್ಲಿ ಇನ್ನೊಬ್ಬರು ಕೂರುತ್ತಾರೆ. ಹಾಗೆ ಕೂತವರು ಹಿಂದಿನ ರಾತ್ರಿ ಉಪವಾಸವಿರಬೇಕು. ಊಟ ಮಾಡುವಾಗ ಬಾಯಿ ಬಿಡಬಾರದು, ಅಡುಗೆ ಚೆನ್ನಾಗಿದೆ ಎಂದೂ ಹೇಳಬಾರದು, ಚೆನ್ನಾಗಿಲ್ಲ ಎಂದೂ ಹೇಳಬಾರದು. ಕೊನೆಯಲ್ಲಿ ಮನೆಯವನು ತೃಪ್ತಿಯಾಯಿತೇ ಎಂದು ಕೇಳಿದಾಗ ಆಯಿತು ಎನ್ನಬೇಕು. ಆ ಹದಿನೈದು ದಿನ ಊರಿನ ಪುರೋಹಿತರೆಲ್ಲ ಮೊದಲೇ ಗೊತ್ತಾಗಿರುತ್ತಾರೆ, ಯಾರೂ ಸಿಗುವುದಿಲ್ಲ. ಅಳಿಯ ಕೂರಬಹುದೆಂದು ಶಾಸ್ತ್ರವೂ ಒಪ್ಪುತ್ತದೆ. ಹೀಗಾಗಿ ಭಾವ ಕೋಲಾರಕ್ಕೆ ಬಂದ ವರ್ಷದಿಂದ ಅಪ್ಪನ ಎಲೆಗೆ ಅವರೇ ಕೂರುತ್ತಿದ್ದರು. ಅಮ್ಮ ಮಡಿಯುಟ್ಟು ತಾನೇ ಬಡಿಸುತ್ತಿದ್ದಳು. ಬಡಿಸುತ್ತಿದ್ದಳು ಎನ್ನುವುದಕ್ಕಿಂತ ಸುರಿಯುತ್ತಿದ್ದಳು ಎನ್ನಬೇಕು. ವಡೆ, ಸಜ್ಜಪ್ಪ, ಪಾಯಸ, ರವೆಉಂಡೆ, ಎಳ್ಳುಂಡೆ. ಎಲೆಯಲ್ಲಿ ಡಾಕ್ಟರು ಒಪ್ಪುವಂಥದ್ದು ಹಾಗಲಕಾಯಿ ಪಲ್ಯವೊಂದೇ.

"ಅಮ್ಮನಿಗೆ ಕಾಲಿನ ವಿಷಯ ಹೇಳ್ಬೇಡ ಕಣೋ. ಅಪ್ಪನ್ ಕಾಲು ಜ್ಞಾಪಕ ಬಂದು ಊಟ ಬಿಟ್ಬಿಡ್ತಾಳೆ" ಎಂದಳು ಅಕ್ಕ. ಕಣ್ಣು ಒರೆಸಿಕೊಂಡು, "ಆದ್ರೆ ತಿಥಿ ದಿನ ಇವರಿಗೆ ಸಿಹಿ ಬಡಿಸ್ಬೇಡ ಅಂತ ಹೇಳು" ಎಂದೂ ಸೇರಿಸಿದಳು. ಕಾರಣ ಹೇಳದೆ ಅಮ್ಮನನ್ನು ಒಪ್ಪಿಸಬೇಕು, ಅದು ಅವಳ ತಮ್ಮನಾಗಿ ಹುಟ್ಟಿದವನ ಕೆಲಸ. ಬೇರೆ ಯಾರನ್ನಾದರೂ ಎಲೆಗೆ ಕೂರಿಸೋಣವೆಂದು ಭಾವನನ್ನು ಕೇಳಿದೆ. "ಯಾರೂ ಸಿಗಲ್ಲ ಕಣೋ. ಸಿಕ್ಕಿದ್ರೂ ಮಾವನಿಗೆ ನಾನೇ ಕೂರ್ತೀನಿ. ಅತ್ತೆ ಬಡಿಸೋವಾಗ ಅವರ ಮುಖ ನೀನು ನೋಡಿಲ್ಲ, ನಾನು ನೋಡಿದೀನಿ" ಎಂದರು.

ಅಮ್ಮ ಎಳ್ಳನ್ನು ಮೊರದಲ್ಲಿ ಕೇರುತ್ತ ಕೂತಿದ್ದಾಗ ಮೆಲ್ಲಗೆ ಮಾತು ತೆಗೆದೆ. "ಅಮ್ಮ, ಭಾವನಿಗೆ ಸ್ವಲ್ಪ ಸಕ್ಕರೆ ಇದೆಯಲ್ಲ. ಈ ಸಲ ಸಿಹಿ ಕಮ್ಮಿ ಬಡಿಸಿದ್ರಾಗಲ್ವಾ?"

"ಅಳಿಯಂದ್ರಿಗೆ ಯಾರೋ ಬಡಿಸ್ತಾರೆ? ಆ ಎಲೆ ಮುಂದೆ ಕೂತಿರೋರು ನಿಮ್ಮಪ್ಪ" ಎಂದಳು.

"ಅಪ್ಪನಿಗೂ ಸಕ್ಕರೆ ಇತ್ತಲ್ಲಮ್ಮ."

ಮೊರ ನಿಂತಿತು. "ಇದ್ದಾಗ ನಾನು ಕೊಡ್ಲಿಲ್ಲ ಕಣೋ. ಡಾಕ್ಟ್ರು ಬೇಡ ಅಂದ್ರು, ಕೊಡ್ಲಿಲ್ಲ. ಕೊಡದೆ ಇದ್ರೂ ಹೋದ್ರು. ಈಗ್ಲಾದ್ರೂ ಹೊಟ್ಟೆ ತುಂಬ ತಿನ್ಲಿ ಬಿಡು" ಎಂದಳು.

ನಾನು ಎದ್ದು ಬಂದೆ. ಆ ರಾತ್ರಿಯೆಲ್ಲ ಇದನ್ನೇ ಯೋಚಿಸಿದೆ. ತೀರಿಹೋದವರ ಜೊತೆ ಅವರ ಕಾಯಿಲೆಯೂ ಹೋಗುತ್ತದೆಯೇ, ಇಲ್ಲಿಯೇ ಉಳಿಯುತ್ತದೆಯೇ? ಪಿತೃಲೋಕದಲ್ಲಿ ಪಥ್ಯ ಇದೆಯೇ? ಶಾಸ್ತ್ರ ಬರೆದವರು ಎಳ್ಳಿನ ಬಣ್ಣ ಯಾವುದಿರಬೇಕು, ದರ್ಭೆಯ ತುದಿ ಯಾವ ದಿಕ್ಕಿಗಿರಬೇಕು ಎಂದೆಲ್ಲ ಯೋಚಿಸಿದ್ದಾರೆ; ತಿನ್ನುವವನ ಮೈ ಒಂದು, ತೃಪ್ತಿ ಇನ್ನೊಬ್ಬರದು ಎಂದಾಗ ಅಜೀರ್ಣ ಯಾರದು ಎಂಬುದನ್ನು ಮಾತ್ರ ಹೇಳಿಲ್ಲ. ನನಗೆ ತಿಳಿದದ್ದು ಇಷ್ಟೇ. ಅಮ್ಮ ವರ್ಷಕ್ಕೊಂದು ದಿನ ಅಪ್ಪನಿಗೆ ಇಲ್ಲವೆಂದದ್ದನ್ನೆಲ್ಲ ಕೊಡುತ್ತಿದ್ದಾಳೆ, ಅದು ಅವಳ ಮಗಳ ಗಂಡನ ರಕ್ತಕ್ಕೆ ಹೋಗುತ್ತಿದೆ. ಬಡಿಸುವ ಅಮ್ಮ, ತಿನ್ನುವ ಭಾವ, ಇಬ್ಬರಲ್ಲಿ ಯಾರ ಕೈ ಹಿಡಿದು ತಡೆಯಬೇಕೆಂದು ನನಗೆ ಗೊತ್ತಾಗಲಿಲ್ಲ.

ತಿಥಿಯ ದಿನ ಬಂತು. ದೇವತೆಗಳ ಸ್ಥಾನಕ್ಕೆ ವಯಸ್ಸಾದ ದೀಕ್ಷಿತರೊಬ್ಬರು ಬಂದರು. ಭಾವ ಎಣ್ಣೆನೀರು ಮುಗಿಸಿ, ಕಾಲಿನ ಬೆರಳಿಗೆ ಮಡಿಬಟ್ಟೆಯ ಚೂರು ಸುತ್ತಿಕೊಂಡು, ಕುಂಟದ ಹಾಗೆ ನಡೆಯಲು ಕಷ್ಟಪಡುತ್ತ ಬಂದರು. ಅಂಗಳದಲ್ಲಿ ದುಂಡಗೆ ಸಾರಿಸಿದ ಜಾಗದಲ್ಲಿ ಅವರನ್ನು ನಿಲ್ಲಿಸಿ ಕಾಲು ತೊಳೆಯಬೇಕಿತ್ತು. ನನ್ನ ಹೆಂಡತಿ ಕಮಲ ನೀರು ಎರೆಯುತ್ತಿದ್ದಳು. ಬಟ್ಟೆ ಕಟ್ಟಿದ ಕಾಲನ್ನು ತೊಳೆಯುವುದು ಹೇಗೆ? ಇದೊಂದನ್ನು ಅಕ್ಕನೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಭಾವ ಬಗ್ಗಿ ಬಟ್ಟೆ ಬಿಚ್ಚಿದರು. ಕಪ್ಪಾಗಿ ಊದಿಕೊಂಡ ಹೆಬ್ಬೆರಳು ನನ್ನ ಅಂಗೈಯಲ್ಲಿತ್ತು. ತಲೆಯೆತ್ತಿದರೆ ಒಳಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅವಳ ಕಣ್ಣು ಆ ಬೆರಳಿನ ಮೇಲೆಯೇ ಇತ್ತು. ಅಂಥ ಬೆರಳನ್ನು ಅವಳು ತಿಂಗಳುಗಟ್ಟಲೆ ತನ್ನ ಕೈಯಾರೆ ತೊಳೆದಿದ್ದವಳು. ತಿರುಗಿ ಒಳಗೆ ಹೋದಳು.

ಊಟಕ್ಕೆ ಎಲೆ ಹಾಕಿದೆವು. ಅಮ್ಮ ಬಡಿಸಲು ಬಂದಳು. ಹಾಗಲಕಾಯಿ ಪಲ್ಯ ಧಾರಾಳವಾಗಿ ಬಿತ್ತು. ಅನ್ನ ಒಂದು ಹಿಡಿ. ಪಾಯಸ ಸೌಟಿನ ತುದಿಯಲ್ಲಿ ಒಂದು ತೊಟ್ಟು. ಕೊನೆಗೆ ಎಳ್ಳುಂಡೆಯ ತಟ್ಟೆ ಹಿಡಿದು ಬಂದಳು. ಪ್ರತಿವರ್ಷ ಆ ತಟ್ಟೆಯಲ್ಲಿ ಅರ್ಧ ಭಾವನ ಎಲೆಯ ಮೇಲೆಯೇ ಖಾಲಿಯಾಗುತ್ತಿತ್ತು. ಅಮ್ಮ ಒಂದು ಉಂಡೆ ತೆಗೆದುಕೊಂಡು, ಬೆರಳಿನಿಂದ ಅದುಮಿ ಎರಡು ಮಾಡಿ, ಅರ್ಧವನ್ನು ಎಲೆಯ ತುದಿಯಲ್ಲಿ ಇಟ್ಟಳು. ಇನ್ನರ್ಧವನ್ನು ತಟ್ಟೆಗೆ ಹಾಕಿದಳು.

ಭಾವ ಎಲೆ ನೋಡಿದರು. ಆಮೇಲೆ ತಲೆಯೆತ್ತಿ ಅಮ್ಮನನ್ನು ನೋಡಿದರು. ಹಿಂದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ತಾನು ಯಾರ ಎಲೆಗೆ ಕೂತಿದ್ದೇನೆ, ಮಾತಾಡಬಾರದು ಎಂಬುದೆಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು ಎಂದು ಕಾಣುತ್ತದೆ.

"ಇಷ್ಟೇನಾ?" ಎಂದರು.

ದೀಕ್ಷಿತರ ಕೈ ತುತ್ತಿನ ಮೇಲೆಯೇ ನಿಂತಿತು. ಇಡೀ ಕೋಲಾರ ಜಿಲ್ಲೆಯಲ್ಲಿ ಪಿತೃಸ್ಥಾನದಲ್ಲಿ ಕೂತು ಯಾರೂ ಹೀಗೆ ಕೇಳಿರಲಾರರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಹೀಗೆ ಕೇಳುತ್ತಿದ್ದ ವರ್ಷಗಳಲ್ಲಿ ಭಾವ ಶ್ರೀನಿವಾಸಪುರದಲ್ಲಿದ್ದರು, ಹಬ್ಬದ ದಿನ ಅವರಿಗೆ ಅಲ್ಲಿಯೇ ಪೂಜೆಗಳು. ಅಪ್ಪನ ಆ ಮಾತನ್ನು ಅವರು ಒಮ್ಮೆಯೂ ಕೇಳಿದವರಲ್ಲ. ನಮ್ಮಲ್ಲಿ ಯಾರೂ ಅದನ್ನು ಅವರಿಗೆ ಹೇಳಿದ್ದೂ ಇಲ್ಲ.

ಅಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ಇಷ್ಟೇ" ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ಮುಂದಿನ ಎಲೆಗೆ ಹೋದಳು.

ಊಟ ಮುಗಿದು ನಾನು ತೃಪ್ತಿಯಾಯಿತೇ ಎಂದು ಕೇಳಬೇಕಾದಾಗ ಭಾವನ ಎಲೆಯ ತುದಿಯನ್ನೇ ನೋಡುತ್ತ ನಿಂತುಬಿಟ್ಟೆ. ದೀಕ್ಷಿತರು ನಾನು ಕೇಳುವ ಮುಂಚೆಯೇ ಆಯಿತು ಎಂದುಬಿಟ್ಟರು. ಭಾವನೂ ತಲೆ ತಗ್ಗಿಸಿಕೊಂಡು ಆಯಿತು ಎಂದರು.

ಎಲ್ಲ ಮುಗಿದು ಮನೆಯವರ ಊಟವೂ ಆದ ಮೇಲೆ ಅಮ್ಮ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಈ ವರ್ಷ ಬಂದಿದ್ರು ಕಣೋ" ಎಂದಳು. "ಇಷ್ಟ್ ವರ್ಷ ಹಾಕಿದ್ದನ್ನೆಲ್ಲ ಬಾಯ್ಮುಚ್ಕೊಂಡು ತಿಂದು ಹೋದೋರು ಅವರಲ್ಲ ಬಿಡು. ನನಗೆ ಆಗ್ಲೇ ಅನುಮಾನ ಇತ್ತು." ಆಮೇಲೆ ಅತ್ತಳು, ನಡುನಡುವೆ ನಕ್ಕಳು.

ಮಾರನೆಯ ದಿನ ಭಾವ ಪಂಚಾಂಗ ಹಿಡಿದುಕೊಂಡು ಬಂದರು. "ನಾಲಿಗೆ ಜಾರಿಬಿಡ್ತು ಕಣೋ. ಹಸಿವು ತಡೆಯಕ್ಕಾಗ್ಲಿಲ್ಲ. ಏನಾದ್ರೂ ಪ್ರಾಯಶ್ಚಿತ್ತ ಮಾಡ್ಕೋಬೇಕು" ಎಂದು ಒದ್ದಾಡಿದರು. ಪ್ರಾಯಶ್ಚಿತ್ತವನ್ನು ಅಮ್ಮನೇ ಹೇಳಿದಳು. ಇನ್ನು ಮೇಲೆ ಹಳ್ಳಿಗಳಲ್ಲಿ ಏನು ಕೊಟ್ಟರೂ, ನಮ್ಮತ್ತೆ ಬೇಡ ಅಂದಿದ್ದಾರೆ ಎಂದು ಹೇಳಬೇಕು. ಆಶ್ಚರ್ಯವೆಂದರೆ ಅದು ನಡೆಯಿತು. ಡಾಕ್ಟರ ಹೆಸರಿಗೆ ಜಗ್ಗದಿದ್ದ ಕ್ಯಾಲನೂರಿನ ಜನ ಅತ್ತೆಯ ಹೆಸರು ಕೇಳಿದ ಕೂಡಲೇ ಬೆಲ್ಲದ ಹಾಲು ಒಳಗೆ ಕಳಿಸಿ ಮಜ್ಜಿಗೆ ತರಿಸಿದರು. ಪ್ರಸಾದ ಕೂಡ ಕಣ್ಣಿಗೊತ್ತಿಕೊಳ್ಳುವಷ್ಟಕ್ಕೆ ಇಳಿಯಿತು. ಬೆರಳು ನಿಧಾನವಾಗಿ ಒಣಗಿತು, ದೀಪಾವಳಿ ಕಳೆಯುವಷ್ಟರಲ್ಲಿ ಹೊಸ ಚರ್ಮ ಬಂತು. ಮತ್ತೆ ಬೆಟ್ಟ ಹತ್ತಲು ಶುರುಮಾಡಿದಾಗ ಭಾವ ಶೂ ಬಿಚ್ಚಲಿಲ್ಲ. ಮೇಲೆ ದೇವರಿದ್ದಾನಲ್ಲ ಎಂದು ನೆನಪಿಸಿದೆ. "ಅವನು ಕ್ಷಮಿಸ್ತಾನೆ. ಅತ್ತೆ ಕ್ಷಮಿಸಲ್ಲ" ಎಂದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನನ್ನ ನಳಿಕೆಯೂ ಈಗ ಹಸಿರು ದಾಟಿ ಹಳದಿಯಲ್ಲಿದೆ. ಹಬ್ಬದ ಕಾಲದಲ್ಲಿ ಮೈ ನೋಡಿಕೊಳ್ಳುವುದು ಹೇಗೆಂದು ಆಫೀಸಿನಲ್ಲಿ ಕೇಳುವವರಿಗೆ ನಾನು ದೊಡ್ಡದಾಗಿ ಭಾಷಣ ಮಾಡುತ್ತೇನೆ: ನಡೆಯಿರಿ, ತಟ್ಟೆ ಚಿಕ್ಕದು ಮಾಡಿ, ಹಬ್ಬದ ಮಾರನೆಯ ದಿನ ಮುದ್ದೆ ಉಣ್ಣಿ. ನಿಜ ಹೇಳಬೇಕೆಂದರೆ ಅದರಲ್ಲಿ ಯಾವುದನ್ನೂ ನಾನೊಬ್ಬನೇ ಮಾಡಲಾರೆ. ಊರೆಲ್ಲ ಇನ್ನೊಂದು ಸ್ವಲ್ಪ ಎನ್ನುವ ದಿನ, ಸಾಕು ಎನ್ನಲು ಮನೆಯಲ್ಲಿ ಒಬ್ಬರು ಬೇಕು. ಹಾಗೆ ಹೇಳುವವರು ಕೆಟ್ಟವರಾಗುತ್ತಾರೆ. ಮುಂದಿನ ಹಬ್ಬಕ್ಕೂ ನಾವಿರಬೇಕು ಎಂದು ಅವರು ಆ ಕೆಟ್ಟ ಹೆಸರಿಗೆ ಒಪ್ಪಿಕೊಂಡಿರುತ್ತಾರೆ.

ಹೋದ ದೀಪಾವಳಿಯಲ್ಲಿ ಕಮಲ ನನ್ನ ಎಲೆಗೆ ಅರ್ಧ ಕಜ್ಜಾಯ ಇಟ್ಟಳು. ನಾನು ಎಲೆ ನೋಡಿದೆ, ತಲೆಯೆತ್ತಿ ಅವಳನ್ನು ನೋಡಿದೆ. "ಇಷ್ಟೇನಾ?" ಎಂದೆ. ಅವಳಿಗೆ ಸಿಟ್ಟು ಬಂತು. "ದಿನಾ ಇದೇ ಗೋಳು ನೋಡಿ ಅತ್ತೆ" ಎಂದು ಅಮ್ಮನಿಗೆ ದೂರು ಹೇಳಿದಳು.

ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಅಮ್ಮ, "ಕೇಳ್ಲಿ ಬಿಡೇ. ಕೇಳೋವರ್ಗೂ ಏನೂ ಭಯ ಇಲ್ಲ. ಕೇಳೋದು ನಿಲ್ಸಿದ್ ದಿನ ಹೆದರ್ಕೋಬೇಕು" ಎಂದಳು.

ನಾನು ಇನ್ನೊಂದು ಸಲ ಕೇಳಿದೆ.